ಜನ್ನಾಪುರದ ಸ್ಪೇನ್ ಚಟ್ನಿ

ನಮ್ಮ ಮನೆಯಲ್ಲಿ ಖಾಲಿ ಬಾಟಲಿ ಎಸೆಯುವವರು ಇನ್ನೂ ಹುಟ್ಟಿಲ್ಲ. ಜಾಮಿನ ಬಾಟಲಿಯಲ್ಲಿ ಜೀರಿಗೆ, ಕಾಫಿಪುಡಿಯ ಬಾಟಲಿಯಲ್ಲಿ ಇಂಗು, ಜೇನುತುಪ್ಪದ ಬಾಟಲಿಯಲ್ಲಿ ಬೇವಿನೆಣ್ಣೆ. ಯಾವುದರಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠ. ಹೊರಗಿನವರು ಅಡುಗೆಮನೆಗೆ ಬಂದು "ನಾನೂ ಸ್ವಲ್ಪ ಸಹಾಯ ಮಾಡ್ತೀನಿ" ಎಂದರೆ ಮಾತ್ರ ಎದೆ ಡವಗುಟ್ಟುತ್ತದೆ. ಒಮ್ಮೆ ನನ್ನ ತಂಗಿ ಜೇನುತುಪ್ಪವೆಂದು ನಂಬಿ ಬೇವಿನೆಣ್ಣೆಯನ್ನು ದೋಸೆಯ ಮೇಲೆ ಧಾರಾಳವಾಗಿ ಸುರಿದುಕೊಂಡಳು. ಅವಳು ಇವತ್ತಿಗೂ ಅದನ್ನು ನನ್ನ ತಪ್ಪು ಎನ್ನುತ್ತಾಳೆ. ಮೂಸಿ ನೋಡಬೇಕಿತ್ತು ಎನ್ನುವುದು ನನ್ನ ವಾದ.

ಮೊನ್ನೆ ಶೆಲ್ಫ್ ಒರೆಸುವಾಗ ಸಾಸಿವೆಯ ಬಾಟಲಿ ಕೈಗೆ ಬಂತು. ಉದ್ದಕ್ಕೆ, ಸಪೂರವಾಗಿ, ನಮ್ಮ ಕಡೆಯ ಯಾವ ಬಾಟಲಿಯನ್ನೂ ಹೋಲದ ಬಾಟಲಿ. ಚೀಟಿ ಎಂದೋ ಉದುರಿ ಹೋಗಿದೆ. ಅಂಟಿನ ಜೊತೆಗೆ ಉಳಿದುಕೊಂಡ ಒಂದು ತುಣುಕಿನಲ್ಲಿ ಒಂದು ಹಸಿರು ಕಾಯಿ, ಅರ್ಧ ಎಲೆ. ಅದನ್ನು ನೋಡುತ್ತ ನಿಂತವಳು ಒಲೆಯ ಮೇಲೆ ಹಾಲು ಉಕ್ಕಿದ್ದನ್ನು ನೋಡಲಿಲ್ಲ. ಹಾಲು ಹೋದರೆ ಹೋಗಲಿ, ನಿಮಗೆ ಆ ಕಾಯಿಯ ಕಥೆ ಹೇಳಿಬಿಡುತ್ತೇನೆ.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು. ನಾವು ಎಂದರೆ ಅತ್ತೆ, ನಮ್ಮ ಮನೆಯವರು ಮತ್ತು ನಾನು. ನಮ್ಮ ಮನೆಯವರಿಗೆ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಗೆ ಹೊಸದೊಂದು ಯಂತ್ರ ಬಂದು, ಅದನ್ನು ಕೂರಿಸಿಕೊಡಲು ಸ್ಪೇನ್ ದೇಶದಿಂದ ಒಬ್ಬ ಎಂಜಿನಿಯರ್ ಬಂದ. ಅವನ ಇಂಗ್ಲಿಷ್ ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಮ್ಮ ಮನೆಯವರ ಇಂಗ್ಲಿಷ್ ಕೂಡ ಯಾರಿಗೂ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಇಬ್ಬರನ್ನೂ ಜೊತೆಗೆ ಹಾಕಿದರು. ಆಶ್ಚರ್ಯವೆಂದರೆ ಅವರಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು. ಯಂತ್ರವೂ ಓಡಿತು.

ಒಂದು ಭಾನುವಾರ ಅವನನ್ನು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಸಿಂಹ ತೋರಿಸಲು ಕರೆದುಕೊಂಡು ಹೋದರು. ತ್ಯಾವರೆಕೊಪ್ಪದ ಸಿಂಹಗಳ ವಿಷಯ ನಿಮಗೆ ಗೊತ್ತಲ್ಲ. ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ಆಲ್ಕೊಳದಲ್ಲಿ. ಬಂದ ನೆಂಟರನ್ನೆಲ್ಲ ಅಪ್ಪ ಅಲ್ಲಿಗೇ ಕರೆದೊಯ್ಯುತ್ತಿದ್ದರು. ನೆಂಟರ ಜೊತೆ ನಾವೂ. ಅಷ್ಟು ಸಲ ಹೋಗಿಯೂ ನಾನು ಸಿಂಹದ ಮುಖ ಸರಿಯಾಗಿ ನೋಡಿದ್ದು ಕಡಿಮೆ. ನಾವು ಹೋದಾಗಲೆಲ್ಲ ಅದು ಪೊದೆಯ ನೆರಳಲ್ಲಿ ಆ ಕಡೆ ತಿರುಗಿ ಮಲಗಿರುತ್ತಿತ್ತು. "ಎಂಥ ಗಾಂಭೀರ್ಯ ನೋಡಿ" ಎಂದು ಅಪ್ಪ ಅದರ ಬೆನ್ನನ್ನೇ ತೋರಿಸುತ್ತಿದ್ದರು. ಸ್ಪೇನಿನವನಿಗೂ ಬೆನ್ನೇ ಸಿಕ್ಕಿತು. ಅವನು ಪಾಪ, ಅದರದ್ದೇ ಫೋಟೋ ತೆಗೆದುಕೊಂಡನಂತೆ.

ಹೊರಗೆ ಬಂದಾಗ ಗೇಟಿನ ಬಳಿ ಒಬ್ಬಾಕೆ ಉಪ್ಪುಖಾರ ಹಚ್ಚಿದ ನೆಲ್ಲಿಕಾಯಿ ಮಾರುತ್ತಿದ್ದಳು. ಅವನು ಒಂದು ಪೊಟ್ಟಣ ತಿಂದ. ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಪೊಟ್ಟಣ ಕೇಳಿದ. ವ್ಯಾನಿನಲ್ಲಿ ಬರುವ ದಾರಿಯುದ್ದಕ್ಕೂ "ನಮ್ಮಲ್ಲೂ ಇಂಥದ್ದೇ ಒಂದು ಇದೆ, ಆಲಿವ್, ಆಲಿವ್" ಎನ್ನುತ್ತಿದ್ದನಂತೆ. ಅದೇ ಸಂಜೆ ಗೆಸ್ಟ್‌ಹೌಸಿನಲ್ಲಿ ಪೆಟ್ಟಿಗೆಯಿಂದ ಬಾಟಲಿ ತೆಗೆದು, ಆ ಕಾಯಿಗಳಿಂದ ಏನೋ ಒಂದನ್ನು ಮಾಡಿ, ಸುಟ್ಟ ಬ್ರೆಡ್ಡಿಗೆ ಸವರಿ ನಮ್ಮ ಮನೆಯವರಿಗೆ ತಿನ್ನಿಸಿದ. ಊರಿಗೆ ಹೊರಡುವ ದಿನ ಉಳಿದಿದ್ದ ಎರಡು ಬಾಟಲಿ ಆಲಿವ್ ಕಾಯಿಯನ್ನು ಇವರ ಕೈಗಿಟ್ಟ. ತಮ್ಮ ಕಡೆ ಅದಕ್ಕೆ ಮೀನನ್ನೂ ಸೇರಿಸುವುದುಂಟು, ನಿಮ್ಮ ಮನೆಯಲ್ಲಿ ಅದು ಬೇಡ ಎಂದು ಅವನೇ ಹೇಳಿದನಂತೆ. ವಿಭೂತಿ ಹಚ್ಚುವವರ ಮನೆಯ ರೀತಿ ಅವನಿಗೆ ಅಷ್ಟು ದಿನಗಳಲ್ಲಿ ತಿಳಿದಿತ್ತು.

ಬಾಟಲಿ ಮನೆಗೆ ಬಂದ ದಿನ ಅತ್ತೆ ಒಂದು ಕಾಯಿಯನ್ನು ಬಾಯಿಗೆ ಹಾಕಿಕೊಂಡರು. ಹಾಗೆಯೇ ಎದ್ದು ಹಿತ್ತಲಿಗೆ ಹೋಗಿ, ಬಾಯಿ ಮುಕ್ಕಳಿಸಿ ಬಂದರು.

"ಪಾಪ, ಅಷ್ಟು ದೂರದಿಂದ ಹೊತ್ಕೊಂಡು ಬಂದಿದಾನೆ. ಕೆಟ್ಟು ಹೋಗಿದೆ ಅಂತ ಅವನಿಗೆ ಹೇಳ್ಬೇಡ್ರಪ್ಪ" ಎಂದರು.

"ಕೆಟ್ಟಿಲ್ಲ ಅವ್ವ, ಅದರ ರುಚಿನೇ ಹಂಗೆ" ಎಂದು ಇವರು ಹೇಳಿದ್ದನ್ನು ಅತ್ತೆ ನಂಬಲಿಲ್ಲ.

ನನಗೆ ಮಾತ್ರ ಆ ಕಾಯಿ ಮೊದಲ ಸಲಕ್ಕೇ ಹಿಡಿಸಿಬಿಟ್ಟಿತು. ನನ್ನ ನಾಲಿಗೆಯ ಚರಿತ್ರೆಯೇ ಹಾಗಿದೆ. ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಉಪ್ಪಿನ ಹುಳ ಎಂದೇ ಕರೆಯುತ್ತಿದ್ದರು. ಮಾವಿನಮಿಡಿಯ ಜಾಡಿಯ ಬಟ್ಟೆ ಸಡಿಲವಾಗಿದ್ದರೆ ಯಾರನ್ನೂ ವಿಚಾರಿಸದೆ ನನ್ನ ಬೆನ್ನಿಗೇ ಗುದ್ದು ಬೀಳುತ್ತಿತ್ತು. ಹುಣಸೆಹಣ್ಣಿಗೆ ಕಲ್ಲುಪ್ಪು ಸೇರಿಸಿ ಉಂಡೆ ಕಟ್ಟಿ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ. ವರ್ಷ ಮುಗಿಯುವುದರೊಳಗೆ ಕೈವಾರಕ್ಕೆ ತುಕ್ಕು ಹಿಡಿದು, ಅದರ ಕಾಲು ಸಡಿಲವಾಗಿ, ನಾನು ಎಳೆದ ವೃತ್ತಗಳು ಹೊರಟ ಜಾಗಕ್ಕೆ ಬಂದು ಸೇರುವುದನ್ನೇ ನಿಲ್ಲಿಸಿದವು. ನನಗೆ ಲೆಕ್ಕ ತಲೆಗೆ ಹತ್ತಲಿಲ್ಲ ಎಂದು ಮೇಷ್ಟ್ರು ಹೇಳುತ್ತಿದ್ದುದು ಪೂರ್ತಿ ಸರಿಯಲ್ಲ. ಅದರಲ್ಲಿ ಹುಣಸೆಹಣ್ಣಿನ ಪಾಲೂ ಇದೆ.

ಹಾಗಾಗಿ ಆ ದಿನಗಳಲ್ಲಿ ಊಟವಾದ ಮೇಲೆ ನಾನು ಸದ್ದಿಲ್ಲದೆ ಬೀರುವಿನ ಬಾಗಿಲು ತೆರೆದು ಒಂದು ಕಾಯಿ, ಪಾತ್ರೆ ತೊಳೆದಾದ ಮೇಲೆ ಇನ್ನೊಂದು, ಬಟ್ಟೆ ಒಣಹಾಕಿ ಬಂದ ಮೇಲೆ ಮತ್ತೊಂದು ಎಂದು ಬಾಯಿಗೆ ಹಾಕಿಕೊಳ್ಳತೊಡಗಿದೆ. ಅತ್ತೆ ಜಪಮಾಲೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದಾರೆ, ನೋಡುವುದಿಲ್ಲ ಎಂದುಕೊಂಡಿದ್ದೆ. ಕಣ್ಣು ಮುಚ್ಚಿದ ಅತ್ತೆಗೆ ಕಣ್ಣು ತೆರೆದ ಅತ್ತೆಗಿಂತ ಹೆಚ್ಚು ಕಾಣುತ್ತದೆ ಎನ್ನುವುದನ್ನು ಮದುವೆಯಾದ ಯಾರನ್ನು ಬೇಕಾದರೂ ಕೇಳಿ.

ಒಂದು ಬಾಟಲಿ ಹೀಗೇ ಖಾಲಿಯಾಯಿತು. ಇನ್ನೊಂದನ್ನಾದರೂ ಉಳಿಸಿ, ಆ ಗೆಸ್ಟ್‌ಹೌಸಿನ ತಿನಿಸನ್ನು ಮಾಡೋಣ ಎಂದು ನನಗೆ ಹಟ ಹುಟ್ಟಿತು. ಯಾಕೆಂದರೆ ನಮ್ಮ ಮನೆಯವರು ಅದರ ಗುಣಗಾನ ನಿಲ್ಲಿಸಿರಲಿಲ್ಲ. ನಾನು ಮಾಡಿದ ಚಟ್ನಿ ತಿನ್ನುತ್ತ, "ಚೆನ್ನಾಗಿದೆ, ಆದ್ರೆ ಅವನು ಮಾಡಿದ್ನಲ್ಲ…" ಎಂದು ದೂರ ನೋಡುವರು. ಮೂರು ಹೊತ್ತೂ ಬೇಯಿಸಿ ಹಾಕುವ ಹೆಂಡತಿಗೆ ಇದಕ್ಕಿಂತ ಹೆಚ್ಚಿನ ಪ್ರಚೋದನೆ ಬೇಕೆ?

"ಏನೇನು ಹಾಕಿದ್ದ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ" ಎಂದೆ.

"ಅದೇ, ಎಲ್ಲಾ ಹಾಕಿ ಅರೆಯೋದು. ಅಷ್ಟೇ."

"ಎಲ್ಲಾ ಅಂದ್ರೆ?"

"ಕಾಯಿ. ಬೀಜ ತೆಗೀಬೇಕು. ಬೆಳ್ಳುಳ್ಳಿ. ನಿಂಬೆಹುಳಿ. ಕಾಳುಮೆಣಸು. ಒಂದಿಷ್ಟು ಸೊಪ್ಪು, ನಮ್ಮ ಕೊತ್ತಂಬರಿ ಥರ. ಆಮೇಲೆ ಎಣ್ಣೆ. ಆಲಿವ್ ಎಣ್ಣೆನೇ ಆಗ್ಬೇಕು ಅಂದ. ಬೇರೆ ಎಣ್ಣೆ ಹಾಕಿದ್ರೆ ಅದು ಅದಲ್ಲ ಅಂದ."

"ಒಗ್ಗರಣೆ?"

"ಒಗ್ಗರಣೆ ಇಲ್ಲ ಮಾರಾಯ್ತಿ."

ಒಗ್ಗರಣೆ ಹಾಕದ ಚಟ್ನಿ ತಿನ್ನುವ ಜನ ಯಂತ್ರ ಕಟ್ಟುವುದಾದರೂ ಹೇಗೆ ಎಂದು ನಾನು ಯೋಚಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಟೆ. ಬೇಕರಿಯಲ್ಲಿ ಬ್ರೆಡ್ಡು ಕೊಂಡೆ. ಆಗಿನ್ನೂ ಬ್ರೆಡ್ಡು ನಮ್ಮಲ್ಲಿ ಜ್ವರ ಬಂದವರ ಆಹಾರ. ಆರೋಗ್ಯವಂತರು ಬ್ರೆಡ್ಡು ಕೊಂಡರೆ "ಮನೇಲಿ ಯಾರಿಗೆ ಹುಷಾರಿಲ್ಲ?" ಎಂದು ಬೇಕರಿಯವನೇ ಕೇಳುತ್ತಿದ್ದ. ದಿನಸಿ ಅಂಗಡಿಯಲ್ಲಿ ಬೆಳ್ಳುಳ್ಳಿ, ಕಾಳುಮೆಣಸು ಕೊಂಡೆ. ಆಲಿವ್ ಎಣ್ಣೆ ಎಂದಾಗ ಅಂಗಡಿಯವರು, "ಅದು ನಮ್ಮಲ್ಲೆಲ್ಲಿ ಬರುತ್ತಕ್ಕಾ, ಮೆಡಿಕಲ್ ಶಾಪ್‌ನಲ್ಲಿ ಕೇಳಿ" ಎಂದರು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಆಲಿವ್ ಎಣ್ಣೆ ಅಡುಗೆಮನೆಯ ವಸ್ತುವೇ ಅಲ್ಲ. ಅಂಗೈಯಗಲದ ಪುಟ್ಟ ಡಬ್ಬಿಯಲ್ಲಿ, ಗ್ರೈಪ್ ವಾಟರಿನ ಪಕ್ಕ, ಬೇಬಿ ಪೌಡರಿನ ಹಿಂದೆ ಅದರ ಜಾಗ. ಹುಟ್ಟಿದ ಕೂಸಿಗೆ ಹಚ್ಚಿ ನೀರು ಹಾಕಲು ಉಳ್ಳವರು ಅದನ್ನು ಕೊಳ್ಳುತ್ತಿದ್ದರು. ಅದು ಮನೆಗೆ ಬಂತೆಂದರೆ ಮನೆಯಲ್ಲಿ ಮಗು ಇದೆ, ಅಥವಾ ಬರಲಿದೆ ಎಂದು ಅರ್ಥ. ನನಗಿದು ಗೊತ್ತಿರಲಿಲ್ಲವೆಂದಲ್ಲ. ಚಟ್ನಿಯ ಧ್ಯಾನದಲ್ಲಿ ಮರೆತಿತ್ತು.

ಮೆಡಿಕಲ್ ಶಾಪಿನವರು ಡಬ್ಬಿಯ ಧೂಳು ಒರೆಸುತ್ತ, "ಯಾರಿಗೆ ಮೇಡಂ?" ಎಂದರು. ಚಟ್ನಿಗೆ ಎಂದು ಹೇಳಲು ನಾಚಿಕೆಯಾಯಿತು. "ಸುಮ್ನೆ, ಬೇಕಾಗಿತ್ತು" ಎಂದು ನೆಲ ನೋಡಿದೆ. ಅವರು ನಕ್ಕರು. "ಒಳ್ಳೇದು, ಒಳ್ಳೇದು. ಈ ಬಿಸಿಲಲ್ಲಿ ತುಂಬಾ ನಡೀಬೇಡಿ" ಎಂದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ತಿರುಗಿದರೆ ಹಿಂದೆ ಪುಷ್ಪಕ್ಕ. ನಮ್ಮ ಪಕ್ಕದ ಮನೆಯವರು, ತಮಿಳಿನವರು. ಮನಸ್ಸು ಬಂಗಾರ, ಬಾಯಿ ಆಕಾಶವಾಣಿ. ಅವರ ಕಣ್ಣು ನನ್ನ ಕೈಯ ಡಬ್ಬಿಯಿಂದ ಚೀಲಕ್ಕೆ, ಚೀಲದಲ್ಲಿದ್ದ ಬೆಳ್ಳುಳ್ಳಿಗೆ, ಮೆಣಸಿಗೆ, ಬ್ರೆಡ್ಡಿಗೆ ಇಳಿಯಿತು.

"ಅಯ್ಯೋ ಕಣ್ಣು, ನಂಗೆ ಒಂದು ಮಾತು ಹೇಳಬಾರ್ದಾ?" ಎಂದು ತಮ್ಮ ತಮಿಳು ಮುದ್ದಿನಲ್ಲಿ ಕೆನ್ನೆ ಸವರಿದರು. ಏನು ಹೇಳಬೇಕಿತ್ತೋ ನನಗೆ ಹೊಳೆಯಲಿಲ್ಲ. "ಮಾಡಿದ ಮೇಲೆ ಕೊಡ್ತೀನಿ ಪುಷ್ಪಕ್ಕ" ಎಂದು ಮನೆಗೆ ಬಂದೆ. ಬೆಳ್ಳುಳ್ಳಿ, ಮೆಣಸು, ಎಳೆಮಗುವಿನ ಎಣ್ಣೆ. ಸ್ಪೇನಿನವರ ಚಟ್ನಿಗೆ ಬೇಕಾದುದೆಲ್ಲ ನಮ್ಮಲ್ಲಿ ಬಾಣಂತಿಯ ಕೋಣೆಯ ಸಾಮಾನು ಎಂಬುದು ನನ್ನ ತಲೆಗೆ ಆಗಲೂ ಹೋಗಲಿಲ್ಲ.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಮಗೆ ಆಗ ಮದುವೆಯಾಗಿ ಐದಾರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಮುಂದೆಯೂ ಆಗಲಿಲ್ಲ. ಕೊನೆಗೆ ಆಯಿತೋ ಇಲ್ಲವೋ ಎಂದು ನೀವು ಈ ಪ್ರಬಂಧದ ತುದಿಯವರೆಗೆ ಕಾಯುವುದು ಬೇಡ. ಈಗ ಅದನ್ನು ಹೀಗೆ ಸಲೀಸಾಗಿ ಬರೆಯಬಲ್ಲೆ. ಆಗ ಹಾಗಿರಲಿಲ್ಲ. ಯಾರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೂ ಯಾರಾದರೊಬ್ಬರು "ಏನಾದ್ರೂ ವಿಶೇಷಾನಾ?" ಎಂದು ಕೇಳಿಯೇ ಕೇಳುವರು. ಇಲ್ಲವೆಂದರೆ ತಾಯತ ಕಟ್ಟುವವರ ವಿಳಾಸ, ಶಿವಮೊಗ್ಗದ ಡಾಕ್ಟರರ ವಿಳಾಸ. ಅತ್ತೆ ಆ ಮಾತನ್ನು ನನ್ನ ಎದುರು ಎಂದೂ ಎತ್ತಿರಲಿಲ್ಲ. ಆದರೆ ಪೂಜೆಯ ಹೊತ್ತಿನಲ್ಲಿ ಅವರ ತುಟಿ ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲಾಡುತ್ತಿತ್ತು. ಅವರು ಏನು ಬೇಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು.

ಸರಿ, ಮನೆಗೆ ಬಂದೆ. ಅತ್ತೆ ಅಕ್ಕಿ ಬೀಸಿಸಲು ಹಿಟ್ಟಿನ ಗಿರಣಿಗೆ ಹೋಗಿದ್ದರು. ಹಿತ್ತಿಲ ಕಟ್ಟೆಯ ಮೇಲೆ ಕೂತು ಕಾಯಿಯ ಬೀಜ ತೆಗೆಯಲು ಶುರುಮಾಡಿದೆ. ಗುಂಡುಕಲ್ಲಿನಿಂದ ಕುಟ್ಟಿದರೆ ಕಾಯಿ ಒಡೆಯುವ ಬದಲು ಜಾರಿ ಹಾರುತ್ತಿತ್ತು. ಒಂದು ತೆಂಗಿನ ಬುಡಕ್ಕೆ ಹೋಯಿತು. ಒಂದು ಒಣಹಾಕಿದ್ದ ಇವರ ಬನಿಯನ್ನಿಗೆ ಬಡಿದು ಹಸಿರು ಮುದ್ರೆ ಒತ್ತಿತು. ಕೊನೆಗೆ ಒಂದೊಂದನ್ನೂ ಹೆಬ್ಬೆರಳಲ್ಲಿ ಅದುಮಿ, ಇನ್ನೊಂದು ಕೈಯಲ್ಲಿ ಮೆಲ್ಲಗೆ ತಟ್ಟಿದಾಗ ಬೀಜ ಸಲೀಸಾಗಿ ಬಂತು. ಒಡೆದವುಗಳಲ್ಲಿ ಎಷ್ಟೋ ಬಾಯಿಗೆ ಹೋದವು. ಉಳಿದ ಕಾಯಿಗಳನ್ನು ಮಿಕ್ಸಿಗೆ ಹಾಕಿ ಗುಂಡಿ ತಿರುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಭದ್ರಾವತಿಯ ಬೇಸಿಗೆಯಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆಂದು ಕೇಳುವುದು ಮೂರ್ಖತನ. ಕಾಯಿಗಳನ್ನು ಒರಳಿಗೆ ಸುರಿದುಕೊಂಡು ಕೂತೆ.

ಅಷ್ಟರಲ್ಲಿ ಅತ್ತೆ ಬಂದರು. ಹುಬ್ಬಿಗೆಲ್ಲ ಅಕ್ಕಿಹಿಟ್ಟು ಮೆತ್ತಿತ್ತು. ಹಿಟ್ಟಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡೇ ನನ್ನನ್ನು ಒಂದು ಥರ ನೋಡುತ್ತ ನಿಂತರು.

"ಏಳು ಮೇಲೆ."

"ಯಾಕತ್ತೆ?"

"ಏಳು ಅಂದ್ರೆ ಏಳು. ಒರಳ ಮುಂದೆ ಹಿಂಗೆ ಬಗ್ಗಿ ಕೂರ್ತಾರಾ?"

ಐದಾರು ವರ್ಷದಿಂದ ನಾನು ಆ ಒರಳಿನ ಮುಂದೆ ಹಾಗೇ ಬಗ್ಗಿ ಕೂತಿದ್ದೆ. ಯಾರೂ ಏಳಿಸಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ತಾವೇ ಕೂತು ಗುಂಡು ಹಿಡಿದರು. ನನಗೆ ಗೋಡೆಗೆ ಮಣೆ ಹಾಕಿ, ಒರಗಿಕೊಂಡು ಕೂರಲು ಹೇಳಿದರು. ಮತ್ತೆ ಏನೋ ನೆನಪಾದವರಂತೆ ಎದ್ದು ಒಳಗೆ ಹೋಗಿ ಒಂದು ಲೋಟ ಬಿಸಿ ಹಾಲು ತಂದು ಕೊಟ್ಟರು. ನನಗೆ ಹಾಲು ಸೇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಕುಡಿದೆ. ಕೆಟ್ಟು ಹೋಗಿದೆ ಎಂದ ಕಾಯಿಯನ್ನು ತಾವೇ ರುಬ್ಬುತ್ತಿದ್ದಾರಲ್ಲ, ನನ್ನ ಸಾಹಸಬುದ್ಧಿ ಅತ್ತೆಗೆ ಕೊನೆಗೂ ಮೆಚ್ಚುಗೆಯಾಯಿತು ಎಂದುಕೊಂಡೆ. ಮಣೆಯ ಮೇಲೆ ಕೂತು ರಾಣಿಯ ಗತ್ತಿನಲ್ಲಿ "ಬೆಳ್ಳುಳ್ಳಿ ಈಗ ಹಾಕಿ ಅತ್ತೆ, ನಿಂಬೆಹುಳಿ ಆಮೇಲೆ" ಎಂದು ಅಪ್ಪಣೆ ಕೊಡುತ್ತಿದ್ದೆ. ಒರಳಿಗೆ ಬೆರಳದ್ದಿ ರುಚಿ ನೋಡಿದೆ. ಮತ್ತೊಮ್ಮೆ ಅದ್ದಿದೆ. ಬೇರೆ ದಿನವಾಗಿದ್ದರೆ ಎಂಜಲು ಎಂದು ಮುಂಗೈಗೆ ಏಟು ಬೀಳುತ್ತಿತ್ತು.

"ತಿನ್ನು, ತಿನ್ನು. ಬಾಯಿ ಕೇಳಿದ್ದು ತಿನ್ಬೇಕು ಈಗ" ಎಂದರು ಅತ್ತೆ.

ಸ್ವಲ್ಪ ಹೊತ್ತು ರುಬ್ಬಿ, ತಲೆ ಎತ್ತದೆ ಮೆಲ್ಲಗೆ ಕೇಳಿದರು. "ಯಾವಾಗ ಗೊತ್ತಾಯ್ತು?"

"ಏನತ್ತೆ?"

"ಪುಷ್ಪಂಗೆ ಗೊತ್ತು, ಮೆಡಿಕಲ್ ಶಾಪಿನವನಿಗೆ ಗೊತ್ತು. ನನ್ನ ಹತ್ರಾನೂ ಮುಚ್ಚಿಡ್ತೀಯಲ್ಲೇ ಗಿರಿಜಾ. ನಾನೇನು ದೃಷ್ಟಿ ಹಾಕ್ತೀನಾ? ದಿನಾ ಆ ಹುಳಿಕಾಯಿ ತಿನ್ನೋವಾಗ್ಲೇ ನಂಗೆ ಅನುಮಾನ ಬಂದಿತ್ತು."

ಆಗ ಅರ್ಥವಾಯಿತು. ಹಾಲಿನ ಲೋಟ, ಮಣೆ, ಬಿಸಿಲಲ್ಲಿ ನಡೀಬೇಡಿ ಎಂದ ಮೆಡಿಕಲ್ ಶಾಪಿನವರು, ಕೆನ್ನೆ ಸವರಿದ ಪುಷ್ಪಕ್ಕ, ಎಲ್ಲವೂ ಒಟ್ಟಿಗೇ.

"ಹಂಗೇನಿಲ್ಲ ಅತ್ತೆ. ಎಣ್ಣೆ ಈ ಚಟ್ನಿಗೇ ತಂದಿದ್ದು" ಎಂದೆ.

ಗುಂಡು ನಿಂತಿತು. ಅತ್ತೆ ಒರಳೊಳಗಿನ ಹಸಿರನ್ನೇ ನೋಡುತ್ತ ಕೂತರು. ಹುಬ್ಬಿನ ಹಿಟ್ಟು ಹಾಗೇ ಇತ್ತು, ಒರೆಸಿಕೊಳ್ಳುವುದೂ ಅವರಿಗೆ ಮರೆತಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಪುಷ್ಪಕ್ಕನ ಮೇಲೆ ಸಿಟ್ಟು, ಆ ಸ್ಪೇನಿನವನ ಮೇಲೆ ಸಿಟ್ಟು, ನಾನು ಮಾಡದ ತಪ್ಪಿಗೆ ನಾನೇ ಅಪರಾಧಿಯ ಹಾಗೆ ಕೂತಿದ್ದೇನಲ್ಲ ಎಂದು ನನ್ನ ಮೇಲೂ ಸಿಟ್ಟು. ಅತ್ತೆ ಗಿರಣಿಯಿಂದ ಮನೆಯವರೆಗೆ ಒಬ್ಬ ಮೊಮ್ಮಗನನ್ನೋ ಮೊಮ್ಮಗಳನ್ನೋ ಎತ್ತಿಕೊಂಡೇ ನಡೆದು ಬಂದಿದ್ದರು. ಅದನ್ನು ನಾನು ಒಂದು ಮಾತಿನಲ್ಲಿ ಕಿತ್ತುಕೊಂಡ ಹಾಗಾಯಿತು.

"ಗಿರಣೀಲಿ ಎಲ್ಲರ ಎದುರಿಗೆ ಪುಷ್ಪ ನನ್ನ ಬಾಯಿಗೆ ಸಕ್ಕರೆ ಹಾಕಿದ್ಲು" ಎಂದರು ಅತ್ತೆ. "ಸಾಯಂಕಾಲ ಎಲ್ಲಾ ಬರ್ತೀವಿ ಅಂದಿದಾರೆ."

ಸಂಜೆ ಅವರೆಲ್ಲ ಹೂವು ಹಣ್ಣು ಹಿಡಿದು ಬರುತ್ತಾರೆ. ಅತ್ತೆ "ಇಲ್ಲಮ್ಮ, ಸುಳ್ಳು" ಎನ್ನಬೇಕು. ಎಲ್ಲರೂ ನನ್ನ ಹೊಟ್ಟೆಯ ಕಡೆ ನೋಡಿ "ಅಯ್ಯೋ ಪಾಪ" ಎನ್ನಬೇಕು. ನಾನು ಅವರಿಗೆ ಕಾಫಿ ಕೊಡಬೇಕು. ತವರಿಗೆ ಹೋಗಿಬಿಡೋಣವೇ, ಆಲ್ಕೊಳಕ್ಕೆ ಮಧ್ಯಾಹ್ನದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಯೋಚಿಸಿದೆ.

ಅತ್ತೆ ಎಣ್ಣೆಯ ಡಬ್ಬಿ ಎತ್ತಿ ತಿರುಗಿಸಿ ನೋಡಿದರು. "ಇದನ್ನ ತಿಂತಾರಾ?"

"ಹೂಂ."

"ಶಿವಶಿವಾ. ಎಷ್ಟು ಹಾಕ್ಬೇಕು?"

ಹೇಳಿದೆ. ಹಾಕಿದರು. ಗುಂಡು ಮತ್ತೆ ತಿರುಗಲು ಶುರುವಾಯಿತು. ಆ ದಿನ ಅವರು ನಾನೆಂದೂ ರುಬ್ಬದಷ್ಟು ನುಣ್ಣಗೆ ರುಬ್ಬಿದರು. ಎಣ್ಣೆ ಕೂಡಿಕೊಂಡು ಚಟ್ನಿ ಮಿರಿಮಿರಿ ಮಿಂಚುತ್ತಿತ್ತು. ಬೆಳ್ಳುಳ್ಳಿಯ ಘಾಟು, ನಿಂಬೆಯ ವಾಸನೆ, ಅದರಡಿಯಲ್ಲಿ ನಮ್ಮದಲ್ಲದ ಒಂದು ಕಹಿ. ಒಂದು ಬಟ್ಟಲಿಗೆ ತೆಗೆದು ಮುಚ್ಚಿಟ್ಟರು.

ಸಂಜೆ ಪುಷ್ಪಕ್ಕ ಬಂದರು, ಬೀದಿಯ ಇನ್ನಿಬ್ಬರು ಹೆಂಗಸರ ಜೊತೆ. ಕೈಯಲ್ಲಿ ಮೊಳ ಮಲ್ಲಿಗೆ, ಎರಡು ಹುಳಿಮಾವಿನಕಾಯಿ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

ಆಗ ಕೋಣೆಯಿಂದ ಅತ್ತೆ ಹೊರಬಂದರು. ಗೋಡೆ ಹಿಡಿದುಕೊಂಡು, ಒಂದು ಕಾಲೆಳೆಯುತ್ತ, ಹೆಜ್ಜೆಹೆಜ್ಜೆಗೂ "ಶಿವನೇ" ಎನ್ನುತ್ತ ಬಂದರು. ನನಗೆ ಗಾಬರಿಯಾಯಿತು. ಎಲ್ಲಿ ಬಿದ್ದರೋ, ಏನೋ ಎಂದು ಓಡಿ ಹೋಗಿ ತೋಳು ಹಿಡಿದೆ. ಅವರು ನನ್ನ ಕೈಯನ್ನು ಒಮ್ಮೆ ಬಲವಾಗಿ ಅದುಮಿದರು.

"ಏನಾಯ್ತು ಅಮ್ಮಾ?" ಎಂದರು ಪುಷ್ಪಕ್ಕ.

"ಮಂಡಿ ಕಣೇ. ಹಿಡ್ಕೊಂಡ್ಬಿಟ್ಟಿದೆ. ಅದಕ್ಕೇ ಪಾಪ, ಇವಳು ಬೆಳಿಗ್ಗೆನೇ ಹೋಗಿ ಆ ಎಣ್ಣೆ ತಂದ್ಲು ನಂಗೆ. ಕೂಸಿನ ಮೂಳೆಗೆ ಆಗುತ್ತೆ ಅಂದ್ಮೇಲೆ ಮುದುಕಿ ಮೂಳೆಗೂ ಆಗುತ್ತೆ ತಾನೆ?"

"ಗಿರಣೀಲಿ ಚೆನ್ನಾಗೇ ಇದ್ರಲ್ಲ?"

"ಗಿರಣಿಗೆ ನಡೆದಿದ್ದಕ್ಕೇ ಹೆಚ್ಚಾಗಿದ್ದು."

ಪುಷ್ಪಕ್ಕ ಅಷ್ಟಕ್ಕೆ ಬಿಡುವವರಲ್ಲ. "ಮತ್ತೆ ನಾನು ಸಕ್ಕರೆ ಹಾಕ್ದಾಗ ಸುಮ್ನೆ ತಿಂದ್ರಲ್ಲ?"

"ಬಾಯಿಗೆ ಹಾಕ್ದೆ, ತಿಂದೆ. ಸಕ್ಕರೆ ಬೇಡ ಅಂತಾರಾ ಯಾರಾದ್ರೂ?"

"ಅಷ್ಟು ಬೆಳ್ಳುಳ್ಳಿ?"

"ನಂಗೇ. ವಾಯು."

"ಬ್ರೆಡ್ಡು?"

"ಅದೂ ನಂಗೇ. ಬಾಯಿ ಕೆಟ್ಟಿದೆ."

"ಹಂಗಾದ್ರೆ ಗಿರಿಜಂಗೆ…" ಎಂದು ಪುಷ್ಪಕ್ಕ ರಾಗ ಎಳೆದರು. ಮೂವರ ಕಣ್ಣೂ ನನ್ನ ಕಡೆ ತಿರುಗಿದವು.

"ಗಿರಿಜಂಗೆ ಏನು? ಕಲ್ಲುಗುಂಡಿನ ಹಾಗಿದಾಳೆ. ನನ್ನ ನೋಡ್ಕೊಳ್ಳೋಳು ಅವಳೇ, ಅವಳೂ ಮಲಗಿಬಿಟ್ರೆ ನನ್ನ ಗತಿ?" ಎಂದು ಅತ್ತೆ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಅದೇ ಉಸಿರಿನಲ್ಲಿ, "ಗಿರಿಜಾ, ಆ ಸ್ಪೇನ್ ಚಟ್ನಿ ತಾ. ಎಲ್ಲರಿಗೂ ಕೊಡು, ನಂಗೂ ಕೊಡು" ಎಂದರು.

ಕಾವಲಿಯ ಮೇಲೆ ಬ್ರೆಡ್ಡು ಸುಟ್ಟು, ಚಟ್ನಿ ಸವರಿ ತಂದೆ. ಪುಷ್ಪಕ್ಕ ಒಂದು ತುತ್ತು ಕಚ್ಚಿ, ಮುಖದ ಬಣ್ಣ ಬದಲಿಸಿ, ಉಳಿದದ್ದನ್ನು ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡರು. ಇನ್ನಿಬ್ಬರು ನೀರು ಕೇಳಿದರು. ಅತ್ತೆ ಮಾತ್ರ, ಆ ಕಾಯಿಯನ್ನು ಹಿತ್ತಲಿಗೆ ಹೋಗಿ ಉಗುಳಿ ಬಂದಿದ್ದ ನಮ್ಮತ್ತೆ, ಇಡೀ ತುಂಡನ್ನು ಸಾವಕಾಶವಾಗಿ ಅಗಿದು ತಿಂದರು. "ಬಾಯಿಗೆ ರುಚಿ ಬಂತು ನೋಡು" ಎಂದೂ ಹೇಳಿದರು. ಅವರ ಕಾಲಿನ ಬೆರಳುಗಳು ಚಾಪೆಯ ಮೇಲೆ ಮುದುಡಿಕೊಂಡಿದ್ದು ನನಗೊಬ್ಬಳಿಗೇ ಕಾಣಿಸಿತು.

ಅವರೆಲ್ಲ ಹೋದ ಮೇಲೆ ಅತ್ತೆ ನೆಟ್ಟಗೆ ಎದ್ದು ಹೋಗಿ ಎರಡು ಚೊಂಬು ನೀರು ಕುಡಿದರು. "ಉಪ್ಪು ಜಾಸ್ತಿಯಾಯ್ತು ಕಣೇ. ಮುಂದಿನ ಸಲ ಕಾಯಿನ ನೀರಲ್ಲಿ ನೆನೆಹಾಕಿ ಮಾಡು" ಎಂದರು. ನನಗೆ ಅವರ ಕಾಲು ಹಿಡಿದು ಅಳಬೇಕೆನಿಸಿತು. ಅಷ್ಟರಲ್ಲಿ ನಮ್ಮ ಮನೆಯವರು ಡ್ಯೂಟಿ ಮುಗಿಸಿ ಬಂದು, ಬಟ್ಟಲಿನಲ್ಲಿ ಉಳಿದದ್ದನ್ನು ಬೆರಳಲ್ಲೇ ಬಳಿದು ತಿಂದು, "ಆಹಾ, ಇದೇ! ಅವನು ಮಾಡಿದ್ದಕ್ಕಿಂತ ಚೆನ್ನಾಗಿದೆ" ಎಂದು ಕುಣಿದರು. ಅವರಿಗೆ ಯಾವುದೂ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ.

ಆದರೆ ಬೀದಿಯವರ ಎದುರು ಒಮ್ಮೆ ಬಂದ ಮಂಡಿನೋವನ್ನು ಮರುದಿನವೇ ವಾಪಸ್ ಕಳಿಸಲು ಬರುವುದಿಲ್ಲ. ಅತ್ತೆಗೆ ಅಲ್ಲಿಯವರೆಗೆ ಮಂಡಿನೋವು ಎಂದರೇನೆಂದೇ ಗೊತ್ತಿರಲಿಲ್ಲ. ಬಾವಿಯಿಂದ ಎರಡು ಕೊಡ ಒಟ್ಟಿಗೆ ತರುತ್ತಿದ್ದ ಹೆಂಗಸು. ಈಗ ಬಾಗಿಲು ದಾಟಿ ಬೀದಿಗೆ ಬಂದರೆ ಕುಂಟಬೇಕಾಯಿತು. ಪುಷ್ಪಕ್ಕ ಒಳ್ಳೆಯವರು, ಅದೇ ತೊಂದರೆಯಾದದ್ದು. ಎಕ್ಕದ ಎಲೆ ತಂದು ಕಾಯಿಸಿ ಕಟ್ಟಿದರು. ಊರಿಗೆ ಹೋದಾಗಲೆಲ್ಲ ಯಾವುದೋ ನಾಟಿವೈದ್ಯರ ಎಣ್ಣೆ ತಂದರು. ಅದರ ವಾಸನೆಗೆ ನಮ್ಮ ಮನೆಗೆ ಬೆಕ್ಕು ಬರುವುದು ನಿಂತಿತು. ಅತ್ತೆ ಎಲ್ಲವನ್ನೂ ಕಟ್ಟಿಸಿಕೊಂಡರು, ಎಲ್ಲವನ್ನೂ ಹಚ್ಚಿಕೊಂಡರು. ಒಂದೊಂದು ಸಲ ಯಾವ ಕಾಲೆಂಬುದು ಅವರಿಗೇ ಮರೆತುಹೋಗಿ ಬೇರೆ ಕಾಲನ್ನು ಎಳೆಯುತ್ತ ಹೊರಡುವರು. ನಾನು ಹಿಂದಿನಿಂದ ಪಿಸುಗುಟ್ಟಬೇಕು, "ಅತ್ತೆ, ಬಲಗಾಲು." ಅಂಗಳದಲ್ಲೇ ನಿಂತು ಕಾಲು ಬದಲಾಯಿಸಿಕೊಳ್ಳುವರು. "ಇನ್ನು ಸಾಕು ಬಿಡಿ ಅತ್ತೆ, ವಾಸಿಯಾಯ್ತು ಅಂತ ಹೇಳಿಬಿಡಿ" ಎಂದು ಎಷ್ಟೋ ಸಲ ಹೇಳಿದೆ. "ವಾಸಿಯಾದ್ರೆ ಮತ್ತೆ ನಿನ್ನ ವಿಷಯಕ್ಕೇ ಬರ್ತಾರೆ. ಇರ್ಲಿ ಬಿಡು" ಎನ್ನುತ್ತಿದ್ದರು.

ಅದು ನಿಜವೂ ಆಗಿತ್ತು. ಅಂದಿನಿಂದ ಆ ಬೀದಿಯಲ್ಲಿ ಸಿಕ್ಕವರು ನನ್ನನ್ನು ಕೇಳುತ್ತಿದ್ದುದು ಅತ್ತೆಯ ಮಂಡಿ ಹೇಗಿದೆ ಎಂದು.

ಶಿವಮೊಗ್ಗಕ್ಕೆ ಹೋಗಬೇಕಾದಾಗ ನಾವಿಬ್ಬರೂ ಬಸ್‌ಸ್ಟಾಪಿಗೆ ನಡೆದುಕೊಂಡೇ ಹೋಗುತ್ತಿದ್ದೆವು. ಮನೆಯ ಬಾಗಿಲಿನಿಂದಲೇ ಅತ್ತೆ ನನ್ನ ಹೆಗಲ ಮೇಲೆ ಕೈಯೂರುವರು. ಪುಷ್ಪಕ್ಕನ ಕಿಟಕಿ ದಾಟುವಾಗ ಭಾರ ಇನ್ನೂ ಸ್ವಲ್ಪ ಹೆಚ್ಚಾಗುತ್ತಿತ್ತು. ಬೀದಿಯ ತುದಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮನ್ನು ಬಲ್ಲವರ ಮನೆಗಳು ಮುಗಿಯುತ್ತವೆ. ತಿರುಗಿದ ಕೂಡಲೇ ಅವರ ಕಾಲು ನೆಟ್ಟಗಾಗುತ್ತಿತ್ತು, ನಡಿಗೆ ಎಷ್ಟು ಚುರುಕಾಗುತ್ತಿತ್ತೆಂದರೆ ಸಮಕ್ಕೆ ನಡೆಯಲು ನಾನು ಓಡಬೇಕಾಗುತ್ತಿತ್ತು. ಹೆಗಲ ಮೇಲಿನ ಕೈಯನ್ನು ಮಾತ್ರ ಅವರು ಬಸ್ಸು ಬರುವವರೆಗೂ ತೆಗೆಯುತ್ತಿರಲಿಲ್ಲ.